ಕೇರಳ ಶೈಲಿಯ ಭಿತ್ತಿಚಿತ್ರದಲ್ಲಿ ವಿಷ್ಣುವಿನ ಮೈ ಹಸಿರೇಕೆ?

ಪ್ರಶ್ನೆ:
ಕೇರಳದ ಭಿತ್ತಿಚಿತ್ರ ಶೈಲಿಯಲ್ಲಿ ಅನಂತಶಯನ ವಿಷ್ಣುವಿನ ಚಿತ್ರವನ್ನು ಕ್ಯಾನ್ವಾಸಿನ ಮೇಲೆ ಅಕ್ರಿಲಿಕ್ ಬಣ್ಣಗಳಲ್ಲಿ ಬರೆಯುತ್ತಿದ್ದೇನೆ. ಧ್ಯಾನಶ್ಲೋಕ ‘ಮೇಘವರ್ಣಂ’ ಎನ್ನುತ್ತದೆ. ಆದರೆ ನಾನು ನೋಡಿದ ಹಳೆಯ ಚಿತ್ರಗಳಲ್ಲೆಲ್ಲ ಮೈಬಣ್ಣ ಹಸಿರಾಗಿಯೇ ಇದೆ. ನೀಲಿ ಬಳಿದರೆ ತಪ್ಪಾಗುತ್ತದೆಯೇ? ಇನ್ನೊಂದು ತೊಡಕೆಂದರೆ, ನೆರಳಿಗಾಗಿ ಹಸಿರಿಗೆ ಕಪ್ಪು ಬೆರೆಸಿದಾಗ ತೋಳುಗಳು ಮಸಿ ಹತ್ತಿದಂತೆ ಕಾಣುತ್ತಿವೆ.

ಉತ್ತರ 1:
ಈ ಸಂಪ್ರದಾಯ ಪಂಚವರ್ಣಗಳದ್ದು: ಹಳದಿ, ಕೆಂಪು, ಹಸಿರು, ಕಪ್ಪು, ಬಿಳಿ. ಇವುಗಳಲ್ಲಿ ನೀಲಿಗೆ ಸ್ವತಂತ್ರ ಸ್ಥಾನವಿಲ್ಲ. ನೀಲಿಗಿಡದ ರಸವಿತ್ತು, ನಿಜ. ಆದರೆ ಅದನ್ನು ಮರದಿಂದ ಒಸರುವ ಹಳದಿ ಅಂಟಿನೊಡನೆ ಅರೆದು ಹಸಿರು ಮಾಡುತ್ತಿದ್ದರು. ಇದರ ಜೊತೆಗೆ ಗುಣಗಳ ವಿಚಾರವೂ ಇದೆ. ಸಾತ್ತ್ವಿಕ ಮೂರ್ತಿಗಳಿಗೆ ಹಸಿರು, ರಾಜಸಕ್ಕೆ ಕೆಂಪು ಅಥವಾ ಹೊಂಬಣ್ಣ ಎಂಬುದು ಅಲ್ಲಿನ ಕಟ್ಟಳೆ. ಕಥಕಳಿಯಲ್ಲಿ ಧೀರೋದಾತ್ತ ನಾಯಕರ ‘ಪಚ್ಚ’ ವೇಷವನ್ನು, ಅಂದರೆ ಹಸಿರು ಮುಖದ ವೇಷವನ್ನು, ನೆನೆದರೆ ಇದು ಬೇಗ ಅರ್ಥವಾಗುತ್ತದೆ. ನೀಲಿ ಬಳಿದರೆ ಶಾಸ್ತ್ರದೋಷವೆಂದು ನಾನು ಹೇಳಲಾರೆ, ಆದರೆ ಚಿತ್ರ ಕ್ಯಾಲೆಂಡರಿನ ಕಡೆಗೆ ವಾಲುತ್ತದೆ.

ಉತ್ತರ 2:
ನೆರಳಿನ ತೊಂದರೆಗೆ ಕಾರಣ ಕಪ್ಪೇ. ಈ ಶೈಲಿಯಲ್ಲಿ ಕಪ್ಪಿಗೆ ಮುಖ್ಯ ಕೆಲಸವಿರುವುದು ಕೊನೆಯಲ್ಲಿ, ರೂಪರೇಖೆಗಳನ್ನು ಗಟ್ಟಿ ಮಾಡುವಾಗ. ಹಿಂದೆ ಅದನ್ನು ಎಳ್ಳೆಣ್ಣೆ ದೀಪದ ಕಾಡಿಗೆಯಿಂದ ಪಡೆಯುತ್ತಿದ್ದರು. ತೋಳಿಗೆ ಮೊದಲು ತೆಳುವಾದ ಹಳದಿ ಹಚ್ಚಿ ಒಣಗಲು ಬಿಡಿ. ಬಳಿಕ ನೀರಾದ ಹಸಿರನ್ನು ಸಣ್ಣ ಕುಂಚದ ತುದಿಯಿಂದ ಚುಕ್ಕಿಚುಕ್ಕಿಯಾಗಿ ಇಡುತ್ತ, ಅಂಚಿನಲ್ಲಿ ಒತ್ತಾಗಿ, ಒಳಕ್ಕೆ ಬಂದಂತೆ ವಿರಳವಾಗಿ ಸಾಗಿರಿ. ನಡುವೆ ಉಳಿಯುವ ಹಳದಿಮಿಶ್ರ ಹಸಿರೇ ತೋಳಿನ ಉಬ್ಬನ್ನು ತೋರಿಸುತ್ತದೆ. ಒಂದು ಅಂಗೈಗೇ ಒಂದು ಸಂಜೆ ಹಿಡಿಯಬಹುದು, ಅವಸರ ಬೇಡ. ಆಭರಣಗಳ ಬಿಳಿಗೆ ಕ್ಯಾನ್ವಾಸಿನ ಬಿಳಿಯನ್ನೇ ಉಳಿಸಿಕೊಳ್ಳಿ; ಗೋಡೆಯ ಮೇಲೂ ಎಳನೀರಿನಲ್ಲಿ ಕಲಸಿದ ಸುಣ್ಣವನ್ನು ಇಪ್ಪತ್ತಕ್ಕೂ ಹೆಚ್ಚು ಬಾರಿ ಬಳಿದು ಪಡೆದ ಬಿಳುಪೇ ಚಿತ್ರದ ಬಿಳಿಯಾಗುತ್ತಿತ್ತು.

ಉತ್ತರ 3:
ಸಾಧ್ಯವಾದರೆ ಪದ್ಮನಾಭಪುರದ ಅರಮನೆಗೆ ಹೋಗಿ ಬನ್ನಿ. ತಿರುವಾಂಕೂರಿನ ಅರಸರದಾದರೂ ಅದು ಈಗಿರುವುದು ತಮಿಳುನಾಡಿನ ಕನ್ಯಾಕುಮಾರಿ ಜಿಲ್ಲೆಯಲ್ಲಿ. ಅದರ ಮೇಲಂತಸ್ತಿನ ಕೋಣೆಯಲ್ಲಿ ಅನಂತಶಯನದ ಭಿತ್ತಿಚಿತ್ರವೇ ಇದೆ. ಕ್ರಮವಾಗಿ ಕಲಿಯುವ ಮನಸ್ಸಿದ್ದರೆ ಗುರುವಾಯೂರಿನಲ್ಲಿ ದೇವಸ್ವಂ (ದೇವಾಲಯದ ಆಡಳಿತ ಮಂಡಳಿ) ನಡೆಸುವ ಭಿತ್ತಿಚಿತ್ರ ಶಾಲೆಯಿದೆ. 1970ರ ಬೆಂಕಿಯಲ್ಲಿ ಅಲ್ಲಿನ ದೇವಾಲಯದ ಹಳೆಯ ಚಿತ್ರಗಳು ಹಾಳಾದವು. ಅವನ್ನು ಮತ್ತೆ ಬರೆಯಿಸುವ ಕೆಲಸದ ಹಿನ್ನೆಲೆಯಲ್ಲಿಯೇ 1989ರಲ್ಲಿ ಆ ಶಾಲೆ ಆರಂಭವಾಯಿತು.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಎರಡು ತೋಳುಗಳ ಮೇಲೆ ಬಿಳಿ ಬಳಿದು, ಹಳದಿಯಿಂದ ಮತ್ತೆ ಆರಂಭಿಸಿದ್ದೇನೆ.