ಹ್ಯಾಂಡ್‌ಹೆಲ್ಡ್ (ಕೈಯಲ್ಲಿ ಹಿಡಿದು ಆಡುವ ಗೇಮ್ ಯಂತ್ರ) ಆರಿಸುವಾಗ ಚಿಪ್ ನೋಡಬೇಕೋ ಬ್ಯಾಟರಿಯೋ? ಎಲ್ಲರದ್ದೂ ಎಎಂಡಿ ಚಿಪ್ಪೇ ಆದರೆ ಪೈಪೋಟಿ ಎಲ್ಲಿದೆ?

ಕೈಯಾಟ:

ವಾಲ್ವ್‌ನ ಸ್ಟೀಮ್ ಡೆಕ್ ಓಎಲ್‌ಇಡಿ, ಎಸುಸ್‌ನ ಆರ್‌ಓಜಿ ಅಲೈ ಎಕ್ಸ್, ಲೆನೊವೊದ ಲೀಜನ್ ಗೋ, ನಿಂಟೆಂಡೊದ ಸ್ವಿಚ್ 2. ನಾಲ್ಕರ ಸ್ಪೆಕ್ ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟು ನೋಡಿದಷ್ಟೂ ಗೊಂದಲ ಹೆಚ್ಚುತ್ತಿದೆ.

ಡೆಕ್‌ನಲ್ಲಿರುವುದು ಎಎಂಡಿಯ ಹಳೆಯ ತಲೆಮಾರಿನ ಝೆನ್ 2ರ ನಾಲ್ಕು ಕೋರ್, ಅಲೈಯಲ್ಲಿ ಹೊಸ ತಲೆಮಾರಿನ ಝೆನ್ 4ರ ಎಂಟು. ಕಾಗದದ ಮೇಲೆ ಅಜಗಜಾಂತರ. ಆದರೂ ಡೆಕ್ ಸಾಕು ಅನ್ನುವವರು ತುಂಬಾ ಜನ ಇದ್ದಾರಲ್ಲ, ಯಾಕೆ? ಇನ್ನೊಂದು, ಸ್ವಿಚ್ 2 ಬಿಟ್ಟರೆ ಉಳಿದ ಮೂರರಲ್ಲೂ ಎಎಂಡಿ ಚಿಪ್. ಹಾಗಿದ್ದಮೇಲೆ ಈ ಕಂಪನಿಗಳು ಪೈಪೋಟಿ ನಡೆಸುತ್ತಿರುವುದಾದರೂ ಯಾವುದರ ಮೇಲೆ? ಕೊನೆಯದಾಗಿ, ಇವುಗಳಲ್ಲಿ ಮೊದಲು ಕೆಡುವ ಭಾಗ ಯಾವುದು, ಅದನ್ನು ನಾವೇ ಬದಲಿಸಬಹುದಾ?

ಬಳಕೆ: ಪ್ರಯಾಣದಲ್ಲಿ ಒಂದೂವರೆ ಎರಡು ಗಂಟೆ, ಉಳಿದದ್ದು ಚಾರ್ಜರ್ ಹಾಕಿಕೊಂಡು. ಒಬ್ಬರೇ ಆಡುವ ದೊಡ್ಡ ಆಟಗಳೇ ಹೆಚ್ಚು, ಆನ್‌ಲೈನ್ ಅಪರೂಪ.

ವ್ಯಾಟ್‌ಲೆಕ್ಕಿಗ:

ಮೊದಲ ಪ್ರಶ್ನೆಗೆ ಉತ್ತರ ಕೋರ್‌ಗಳಲ್ಲಿಲ್ಲ, ವ್ಯಾಟ್‌ನಲ್ಲಿದೆ. ಹ್ಯಾಂಡ್‌ಹೆಲ್ಡ್ ಅಂದರೆ ಒಂದು ಬ್ಯಾಟರಿ, ಅದನ್ನು ಎಷ್ಟು ಬೇಗ ಖಾಲಿ ಮಾಡುತ್ತೀರಿ ಅನ್ನುವುದಷ್ಟೇ.

ಲೆಕ್ಕ ಹೀಗೆ. ಬ್ಯಾಟರಿಯ ವ್ಯಾಟ್-ಅವರ್ ತಗೊಳ್ಳಿ, ಇಡೀ ಯಂತ್ರ ಎಳೆಯುವ ವ್ಯಾಟ್‌ನಿಂದ ಭಾಗಿಸಿ. 'ಇಡೀ ಯಂತ್ರ' ಅನ್ನುವುದು ಮುಖ್ಯ, ಯಾಕೆಂದರೆ ಸೆಟ್ಟಿಂಗ್‌ನಲ್ಲಿ ಕಾಣುವ ಟಿಡಿಪಿ (ವ್ಯಾಟ್ ಮಿತಿ) ಚಿಪ್‌ದು ಮಾತ್ರ. ಪರದೆ, ರ‍್ಯಾಮ್, ಎಸ್‌ಎಸ್‌ಡಿ, ಫ್ಯಾನ್, ವೈಫೈ ಎಲ್ಲ ಸೇರಿ ಅದರ ಮೇಲೆ ಇನ್ನೂ 6ರಿಂದ 10 ವ್ಯಾಟ್ ಹೋಗುತ್ತದೆ. ಮೊದಲ ಅಲೈಯಲ್ಲಿದ್ದದ್ದು 40 ವ್ಯಾಟ್-ಅವರ್. ಅದನ್ನು 25 ವ್ಯಾಟ್ ಟರ್ಬೋದಲ್ಲಿ ಓಡಿಸಿದರೆ ಒಟ್ಟು 34ರ ಆಸುಪಾಸು, ಅಂದರೆ ಒಂದು ಗಂಟೆ ಹತ್ತು ನಿಮಿಷ. ಅಲೈ ಎಕ್ಸ್‌ನಲ್ಲಿ ಎಸುಸ್ ಬ್ಯಾಟರಿಯನ್ನೇ 80ಕ್ಕೆ ಏರಿಸಿತು, ಚಿಪ್ ಮಾತ್ರ ಹಳೆಯದೇ. ಯಾವುದರ ಕೊರತೆ ಇತ್ತು ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. ಡೆಕ್ ಎಲ್‌ಸಿಡಿಯಲ್ಲಿ 40, ಓಎಲ್‌ಇಡಿಯಲ್ಲಿ 50, ಮೊದಲ ಲೀಜನ್ ಗೋದಲ್ಲಿ 49.2.

ಡೆಕ್‌ನ ಚಿಪ್‌ಗೆ 15 ವ್ಯಾಟ್ ಮಿತಿ. ಅಲೈಯ ಝಡ್1 ಎಕ್ಸ್‌ಟ್ರೀಮ್ ಚಿಪ್ ನಿಜಕ್ಕೂ ಓಡುವುದು 20 ವ್ಯಾಟ್ ದಾಟಿದ ಮೇಲೆ. ಇಬ್ಬರಿಗೂ 15 ಕೊಟ್ಟರೆ ಅಂತರ ಕಿರಿದಾಗುತ್ತದೆ, 10ಕ್ಕಿಂತ ಕೆಳಗಿಳಿಸಿದರೆ ಡೆಕ್‌ನದ್ದೇ ಮೇಲುಗೈ. ಅಲೈಯಲ್ಲಿ ಎಂಟು ಕೋರ್‌ಗಳಿಗೆ ಹಂಚಿ ಮುಗಿಯುವಷ್ಟರಲ್ಲಿ ಗ್ರಾಫಿಕ್ಸ್‌ಗೆ ಉಳಿಯುವ ವ್ಯಾಟ್ ಕಮ್ಮಿ. ಜೊತೆಗೆ ಗಡಿಯಾರದ ವೇಗ ಏರಿಸಬೇಕಾದರೆ ವೋಲ್ಟೇಜನ್ನೂ ಏರಿಸಬೇಕು, ವಿದ್ಯುತ್ ವೋಲ್ಟೇಜ್‌ನ ವರ್ಗಕ್ಕೆ ತಕ್ಕಂತೆ ಹೆಚ್ಚುತ್ತದೆ. ಹಾಗಾಗಿ ಸೆಕೆಂಡಿಗೆ ಬರುವ ಚಿತ್ರಗಳಲ್ಲಿ (ಫ್ರೇಮ್) ಕೊನೆಯ ಹತ್ತೇ ಎಲ್ಲಕ್ಕಿಂತ ದುಬಾರಿ.

ಪರದೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಡೆಕ್‌ನ 1280×800 ಅಂದರೆ ಸುಮಾರು 10 ಲಕ್ಷ ಪಿಕ್ಸೆಲ್, ಅಲೈಯ 1080ಪಿ ಅಂದರೆ 20 ಲಕ್ಷದ ಮೇಲೆ, ಲೀಜನ್ ಗೋದ 2560×1600 ಅಂದರೆ ಸರಿಯಾಗಿ ಡೆಕ್‌ನ ನಾಲ್ಕು ಪಟ್ಟು. ದೊಡ್ಡ ಆಟವನ್ನು ಆ ಪೂರ್ತಿ ರೆಸಲ್ಯೂಷನ್‌ನಲ್ಲಿ ಆಡಿಸುವ ತಾಕತ್ತು ಆ ಚಿಪ್‌ಗಿಲ್ಲ. ನಾಲ್ಕು ಪಟ್ಟು ಆಗಿರುವುದರಿಂದ ಒಂದು ಅನುಕೂಲವಿದೆ: ಇಂಟೀಜರ್ ಸ್ಕೇಲಿಂಗ್ ಆನ್ ಮಾಡಿ 1280×800ಕ್ಕೆ ಇಳಿಸಿದರೆ ಒಂದು ಪಿಕ್ಸೆಲ್ ನಾಲ್ಕಾಗಿ ಚೊಕ್ಕವಾಗಿ ಕೂರುತ್ತದೆ. 1080ಪಿ ಪರದೆಯನ್ನು 720ಕ್ಕೆ ಇಳಿಸಿದರೆ ಅನುಪಾತ ಒಂದೂವರೆ, ಅಕ್ಷರಗಳು ಮಸುಕಾಗುತ್ತವೆ. ಅಲ್ಲಿ ಚಿತ್ರವನ್ನು ಹಿಗ್ಗಿಸಿ ಚುರುಕಾಗಿಸುವ ಎಎಂಡಿಯ ಎಫ್‌ಎಸ್‌ಆರ್ ಬೇಕೇ ಬೇಕು.

ಹಳೇಕಾರ್ಟ್ರಿಜ್:

ಮೇಲಿನ ಲೆಕ್ಕ 1989ರಿಂದಲೂ ಇದೆ. ನಿಂಟೆಂಡೊದ ಗೇಮ್ ಬಾಯ್‌ಗೆ ನಾಲ್ಕು ಎಎ ಸೆಲ್, ಹಸಿರು-ಬೂದಿಯ ನಾಲ್ಕು ಛಾಯೆ, ಬ್ಯಾಕ್‌ಲೈಟ್ ಇಲ್ಲ. ಹತ್ತು ಗಂಟೆಗೂ ಮೀರಿ ಆಡಬಹುದಿತ್ತು. ಅದೇ ವರ್ಷ ಬಂದ ಅಟಾರಿ ಲಿಂಕ್ಸ್, ಮರುವರ್ಷದ ಸೇಗಾ ಗೇಮ್ ಗಿಯರ್ ಎರಡಕ್ಕೂ ಬಣ್ಣದ ಪರದೆ, ಬ್ಯಾಕ್‌ಲೈಟ್. ಆರಾರು ಸೆಲ್ ತುಂಬಿದರೂ ನಾಲ್ಕೈದು ಗಂಟೆ ಹೋದರೆ ಹೆಚ್ಚು. ಅಮೆರಿಕದಲ್ಲಿ ಗೇಮ್ ಬಾಯ್ 89.95 ಡಾಲರ್, ಲಿಂಕ್ಸ್ ಅದರ ಎರಡರಷ್ಟು. ಗೆದ್ದವರು ಯಾರು ಅಂತ ಹೇಳಬೇಕಿಲ್ಲ. ಹಳೆಯದಾಗಿ ಅಗ್ಗವಾದ ತಂತ್ರಜ್ಞಾನವನ್ನು ಹೊಸ ರೀತಿಯಲ್ಲಿ ಬಳಸಬೇಕು ಅನ್ನುವುದು ಗೇಮ್ ಬಾಯ್ ಹಿಂದಿದ್ದ ಗುನ್‌ಪೆ ಯೊಕೊಯಿ ಅವರ ಖಚಿತ ನಿಲುವು. ನಿಂಟೆಂಡೊ ಇವತ್ತಿಗೂ ಅದನ್ನು ಪೂರ್ತಿ ಬಿಟ್ಟಿಲ್ಲ.

ಆದರೆ ವ್ಯಾಟ್ ಒಂದೇ ಎಲ್ಲವನ್ನೂ ತೀರ್ಮಾನಿಸುತ್ತದೆ ಅನ್ನುವುದನ್ನು ಒಪ್ಪಲಾರೆ. 2004ರಲ್ಲಿ ನಿಂಟೆಂಡೊದ ಡಿಎಸ್ ಮತ್ತು ಸೋನಿಯ ಪಿಎಸ್‌ಪಿ ಎದುರುಬದುರಾದವು. ಪಿಎಸ್‌ಪಿ ಸೋತಿತು ಅನ್ನುವ ಮಾತೇ ತಪ್ಪು, ಅದು 7 ಕೋಟಿಗಿಂತ ಹೆಚ್ಚು ಹೋಯಿತು. ಡಿಎಸ್ 15.4 ಕೋಟಿ ಮುಟ್ಟಿದ್ದು ಅದುವರೆಗೆ ಆಟವನ್ನೇ ಆಡದವರಿಗೂ ಹಿಡಿಸುವಂಥ ಆಟಗಳು ಅದರಲ್ಲಿದ್ದವು ಅಂತ. ನಿಂಟೆಂಡೊ ಕೂಡ ಮುಗ್ಗರಿಸಿದೆ: 2011ರಲ್ಲಿ 3ಡಿಎಸ್ ಅನ್ನು 249.99 ಡಾಲರ್‌ಗೆ ತಂದು, ಆರು ತಿಂಗಳೊಳಗೆ 169.99ಕ್ಕೆ ಇಳಿಸಬೇಕಾಯಿತು. ಅದರೆದುರು ಬಂದ ಸೋನಿಯ ವೀಟಾಗೆ ಐದಿಂಚಿನ ಓಎಲ್‌ಇಡಿ ಪರದೆ ಇತ್ತು. ಆದರೆ ಸೋನಿಯದ್ದೇ ಆದ, ಬೇರೆಲ್ಲೂ ನಡೆಯದ ದುಬಾರಿ ಮೆಮೊರಿ ಕಾರ್ಡ್ ಅದರ ಕತ್ತು ಹಿಸುಕಿತು.

ಈಗ ನಿಮ್ಮ ಎರಡನೇ ಪ್ರಶ್ನೆ. ಪೈಪೋಟಿ ನಡೆಯುತ್ತಿರುವುದು ಅಂಗಡಿಯ ಮೇಲೆ. ವಾಲ್ವ್‌ನ ಆನ್‌ಲೈನ್ ಅಂಗಡಿಯಾದ ಸ್ಟೀಮ್‌ನಲ್ಲಿ ಮಾರಾಟವಾಗುವ ಆಟದಲ್ಲಿ ವಾಲ್ವ್‌ಗೆ ಶೇ 30 ಪಾಲು. 2018ರಿಂದ ಒಂದು ಆಟದ ವಹಿವಾಟು 1 ಕೋಟಿ ಡಾಲರ್ ದಾಟಿದರೆ ಮುಂದಿನದ್ದಕ್ಕೆ ಶೇ 25, 5 ಕೋಟಿ ದಾಟಿದರೆ ಶೇ 20. ಹಾಗಾಗಿ ವಾಲ್ವ್ ಡೆಕ್ ಅನ್ನು ಕಮ್ಮಿ ಲಾಭಕ್ಕೆ ಮಾರಿದರೂ ನಡೆಯುತ್ತದೆ, ಕೊಂಡವರು ಮುಂದೆ ಆಟ ಕೊಳ್ಳುತ್ತಾರೆ. ಎಸುಸ್, ಲೆನೊವೊ ಯಂತ್ರದಲ್ಲಿ ನೀವು ಸ್ಟೀಮ್ ಆಟ ಕೊಂಡರೆ ಆ ಪಾಲಿನಲ್ಲಿ ಅವರಿಗೆ ಬಿಡಿಗಾಸೂ ಇಲ್ಲ. ಅವರ ದುಡಿಮೆಯೆಲ್ಲ ಯಂತ್ರದ ಬೆಲೆಯೊಳಗೇ ಬರಬೇಕು. ಅದಕ್ಕೇ ಬೆಲೆ ಮೇಲೆ, ಅದನ್ನು ಒಪ್ಪಿಸಲು ಸ್ಪೆಕ್ ಕೂಡ ಮೇಲೆ. ನಿಂಟೆಂಡೊಗೆ ಯಂತ್ರ, ಅಂಗಡಿ, ಆಟ ಮೂರೂ ಸ್ವಂತದ್ದು. ಮಾರಿಯೋ ಬೇಕಾದರೆ ಅಲ್ಲಿಗೇ ಹೋಗಬೇಕು. 2017ರ ಸ್ವಿಚ್ 15 ಕೋಟಿ ದಾಟಿದ್ದರಲ್ಲಿ ಟೆಗ್ರಾ ಚಿಪ್‌ನ ಪಾಲು ಚಿಕ್ಕದು. ಟಿವಿಗೊಂದು, ಕೈಗೊಂದು ಅಂತ ಬೇರೆಬೇರೆ ಆಟ ಮಾಡುತ್ತಿದ್ದ ತಂಡಗಳು ಒಂದೇ ಯಂತ್ರಕ್ಕೆ ಮಾಡುವಂತಾದದ್ದು ದೊಡ್ಡದು.

ಇಲ್ಲಿ ಕೈಗೆ ಏನೂ ಹತ್ತದೆ ಇದ್ದವರು ಮೈಕ್ರೋಸಾಫ್ಟ್. ವಿಂಡೋಸ್ ಅವರದ್ದು, ಅದರ ಮೇಲಿನ ಅಂಗಡಿ ವಾಲ್ವ್‌ದು. 2025ರ ಅಕ್ಟೋಬರ್‌ನಲ್ಲಿ ಎಸುಸ್ ಜೊತೆ ಎಕ್ಸ್‌ಬಾಕ್ಸ್ ಹೆಸರಿನ ಅಲೈ ತಂದದ್ದು ಆ ಸಂಕಟದಿಂದ.

ಲಿನಕ್ಸಪ್ಪ:

ಅಂಗಡಿಯ ಮಾತು ಸರಿ. ಆದರೆ ಅದಕ್ಕೆ ಮುಂಚೆ ವಾಲ್ವ್ ಒಂದು ಗೋಡೆ ದಾಟಬೇಕಿತ್ತು. 2015ರಲ್ಲಿ ಸ್ಟೀಮ್ ಮಷೀನ್ ಅಂತ ಲಿನಕ್ಸ್ ಮೇಲೆ ಓಡುವ ಗೇಮ್ ಪಿಸಿ ತಂದು ನೆಲಕಚ್ಚಿತು, ಲಿನಕ್ಸ್‌ನಲ್ಲಿ ಆಟಗಳು ಸಾಲುತ್ತಿರಲಿಲ್ಲ. 2018ರಲ್ಲಿ ಪ್ರೋಟಾನ್ ಬಂತು. ವಿಂಡೋಸ್ ಆಟದ ಡೈರೆಕ್ಟ್‌ಎಕ್ಸ್ ಗ್ರಾಫಿಕ್ಸ್ ಕರೆಗಳನ್ನು ಲಿನಕ್ಸ್‌ನಲ್ಲೂ ನಡೆಯುವ ವಲ್ಕನ್‌ಗೆ ತಿರುಗಿಸುವ ಪದರ ಅದು. ಡೆಕ್ ಹುಟ್ಟಿದ್ದು ಅದರ ಮೇಲೆ. 2025ರಲ್ಲಿ ಲೀಜನ್ ಗೋ ಎಸ್ ಕೂಡ ಕಾರ್ಖಾನೆಯಿಂದಲೇ ಡೆಕ್‌ನ ಲಿನಕ್ಸ್ ವ್ಯವಸ್ಥೆಯಾದ ಸ್ಟೀಮ್‌ಓಎಸ್ ಹಾಕಿಕೊಂಡು ಬಂತು.

@ಕೈಯಾಟ, ಸ್ಪೆಕ್ ಪಟ್ಟಿಯಲ್ಲಿ ಇಲ್ಲದ ಒಂದು ಸಾಲು ನಿಮಗೆ ಎಲ್ಲಕ್ಕಿಂತ ಮುಖ್ಯ: ಸ್ಲೀಪ್. ಡೆಕ್‌ನಲ್ಲಿ ಪವರ್ ಗುಂಡಿ ಒತ್ತಿದರೆ ಆಟ ನಡುವಲ್ಲೇ ನಿಲ್ಲುತ್ತದೆ, ಮತ್ತೆ ಒತ್ತಿದರೆ ಅಲ್ಲಿಂದಲೇ ಶುರು. ವಿಂಡೋಸ್‌ನ ಮಾಡರ್ನ್ ಸ್ಟ್ಯಾಂಡ್‌ಬೈ ಹಾಗಲ್ಲ. ಹಿನ್ನೆಲೆಯಲ್ಲಿ ನೆಟ್‌ವರ್ಕ್, ಅಪ್‌ಡೇಟ್ ಎಚ್ಚರವಾಗಿರಬಹುದು. ಬ್ಯಾಗ್‌ನೊಳಗೆ ಯಂತ್ರ ಕಾದು ಬ್ಯಾಟರಿ ಇಳಿದಿರುತ್ತದೆ. ವಿಂಡೋಸ್ ಯಂತ್ರ ಕೊಂಡರೆ ಮೊದಲ ದಿನವೇ ಪವರ್ ಆಪ್ಷನ್ಸ್‌ಗೆ ಹೋಗಿ ಪವರ್ ಬಟನ್‌ಗೆ ಸ್ಲೀಪ್ ತೆಗೆದು ಹೈಬರ್ನೇಟ್ ಹಾಕಿ. ಏಳಲು ಕೆಲವು ಸೆಕೆಂಡ್ ಹೆಚ್ಚು ಬೇಕು, ಆದರೆ ಬ್ಯಾಟರಿ ಉಳಿಯುತ್ತದೆ. ಕೆಲವು ಆಟಗಳು ಹೈಬರ್ನೇಟ್‌ನಿಂದ ಎದ್ದಾಗ ಗ್ರಾಫಿಕ್ಸ್ ಡ್ರೈವರ್ ತಪ್ಪಿ ಬೀಳುತ್ತವೆ, ಮೊದಲು ಸೇವ್ ಮಾಡಿಕೊಳ್ಳಿ.

ಸ್ಟೀಮ್‌ಓಎಸ್‌ನ ದೌರ್ಬಲ್ಯ ಆಂಟಿ-ಚೀಟ್, ಅಂದರೆ ಆನ್‌ಲೈನ್ ಆಟದಲ್ಲಿ ಮೋಸ ತಡೆಯುವ ತಂತ್ರಾಂಶ. ಈಸಿ ಆಂಟಿ-ಚೀಟ್, ಬ್ಯಾಟಲ್‌ಐ ಎರಡೂ ಪ್ರೋಟಾನ್‌ನಲ್ಲಿ ನಡೆಯುತ್ತವೆ, ಆದರೆ ಆಟ ಮಾಡಿದವರು ಅನುಮತಿ ಕೊಡಬೇಕು. ಫೋರ್ಟ್‌ನೈಟ್ ಕೊಟ್ಟಿಲ್ಲ. ಎಪೆಕ್ಸ್ ಲೆಜೆಂಡ್ಸ್ ಮೊದಲು ಕೊಟ್ಟು 2024ರಲ್ಲಿ ಹಿಂತೆಗೆದುಕೊಂಡಿತು. ವ್ಯಾಲೊರಂಟ್‌ನ ವ್ಯಾನ್‌ಗಾರ್ಡ್ ವಿಂಡೋಸ್ ಕರ್ನಲ್‌ನೊಳಗೇ ಕೂರುವಂಥದ್ದು, ಅದರ ಆಸೆ ಬಿಡಿ. ನಿಮ್ಮದು ಒಬ್ಬರೇ ಆಡುವ ಆಟ ಅಂದಿರಿ, ಹಾಗಾಗಿ ತೊಂದರೆ ಕಡಿಮೆ. ಕೊಳ್ಳುವ ಮುಂಚೆ ಆಟದ ಸ್ಟೀಮ್ ಪುಟದಲ್ಲಿ ಡೆಕ್‌ನ ಗುರುತು ನೋಡಿ. 'ವೆರಿಫೈಡ್' ಇದ್ದರೆ ನಿಶ್ಚಿಂತೆ. 'ಪ್ಲೇಯಬಲ್' ಅಂದರೆ ಹೆಚ್ಚಾಗಿ ಅಕ್ಷರ ಚಿಕ್ಕದು, ಇಲ್ಲವೇ ಲಾಂಚರ್‌ನಲ್ಲಿ ಕೀಬೋರ್ಡ್ ತೆರೆಯಬೇಕು, ಅಷ್ಟೇ.

ಕೈಯಾಟ:

ಡೆಕ್ ಕಡೆಗೇ ವಾಲುತ್ತಿದ್ದೇನೆ. ಇನ್ನೆರಡು ಸಂದೇಹ. ಮೊದಲ ಸ್ವಿಚ್‌ನ ಬ್ಯಾಟರಿ 4310 ಎಂಎಎಚ್, ಡೆಕ್ ಎಲ್‌ಸಿಡಿಯದ್ದು 5200ರ ಆಸುಪಾಸು. ವ್ಯತ್ಯಾಸ ಅಷ್ಟೇನಾ? ಮತ್ತೆ 40 ಫ್ರೇಮ್‌ಗೆ ಲಾಕ್ ಮಾಡಿ ಅಂತ ಎಲ್ಲರೂ ಹೇಳುತ್ತಾರೆ, 40 ಯಾಕೆ?

ವ್ಯಾಟ್‌ಲೆಕ್ಕಿಗ:

ಎಂಎಎಚ್ ನೋಡಲೇಬೇಡಿ, ವೋಲ್ಟೇಜ್ ಬೇರೆ ಇದ್ದಾಗ ಅದಕ್ಕೆ ಅರ್ಥವಿಲ್ಲ. ಸ್ವಿಚ್‌ನದ್ದು 3.7 ವೋಲ್ಟ್, ಅಂದರೆ 16 ವ್ಯಾಟ್-ಅವರ್. ಡೆಕ್‌ನದ್ದು 7.7 ವೋಲ್ಟ್, ಅಂದರೆ 40. ಎರಡೂವರೆ ಪಟ್ಟು.

ಪವರ್ ಬ್ಯಾಂಕ್ ಕೊಳ್ಳುವಾಗಲೂ ಇದೇ ಮೋಸ. 20,000 ಎಂಎಎಚ್ ಅನ್ನುವುದು 3.7 ವೋಲ್ಟ್ ಲೆಕ್ಕದಲ್ಲಿ, ಅಂದರೆ 74 ವ್ಯಾಟ್-ಅವರ್. ಪರಿವರ್ತನೆಯಲ್ಲಿ ಸೋರಿ ಯಂತ್ರಕ್ಕೆ ತಲುಪುವುದು 60ರಷ್ಟು. ಡೆಕ್‌ಗೆ ಬೇಕಿರುವುದು ಯುಎಸ್‌ಬಿ ಪಿಡಿ ಅನ್ನುವ ಚಾರ್ಜಿಂಗ್ ಪದ್ಧತಿಯಲ್ಲಿ 45 ವ್ಯಾಟ್, ಅಂದರೆ 15 ವೋಲ್ಟ್ 3 ಆಂಪಿಯರ್. ಡಬ್ಬದ ಮೇಲೆ ದೊಡ್ಡ ಅಕ್ಷರದ 22.5 ವ್ಯಾಟ್ ನೋಡಿ ತಂದರೆ, ಅಂಥವು ಪಿಡಿಯಲ್ಲಿ ಸಾಮಾನ್ಯವಾಗಿ 18 ವ್ಯಾಟ್ ಮಾತ್ರ ಕೊಡುತ್ತವೆ. ಆಡುತ್ತಿದ್ದಂತೆ ಚಾರ್ಜಿಂಗ್ ಗುರುತು ಉರಿಯುತ್ತಿರುತ್ತದೆ, ಬ್ಯಾಟರಿ ಇಳಿಯುತ್ತಲೂ ಇರುತ್ತದೆ.

40ರ ಗುಟ್ಟು ಮಿಲಿಸೆಕೆಂಡ್‌ನಲ್ಲಿದೆ. 30 ಫ್ರೇಮ್‌ನಲ್ಲಿ ಒಂದು ಫ್ರೇಮ್‌ಗೆ 33.3, 60ರಲ್ಲಿ 16.7, 40ರಲ್ಲಿ 25. ಅಂದರೆ ಎರಡರ ಸರೀ ಮಧ್ಯ. ಸಂಖ್ಯೆಯಲ್ಲಿ 30ಕ್ಕೆ ಹತ್ತಿರ ಕಂಡರೂ ಕೈಗೆ ಅರ್ಧ ದಾರಿ ಬಂದಂತೆ ಅನಿಸುತ್ತದೆ, ವಿದ್ಯುತ್ತೂ ಉಳಿಯುತ್ತದೆ. ಒಂದು ಷರತ್ತು: ಪರದೆಯ ರಿಫ್ರೆಶ್ (ಸೆಕೆಂಡಿಗೆ ಎಷ್ಟು ಸಲ ಚಿತ್ರ ಮೂಡಿಸುತ್ತದೆ ಅನ್ನುವುದು) ಅದಕ್ಕೆ ಹೊಂದಬೇಕು. 60 ಹರ್ಟ್ಝ್‌ನಲ್ಲೇ ಬಿಟ್ಟು 40ಕ್ಕೆ ಲಾಕ್ ಮಾಡಿದರೆ ಒಂದು ಫ್ರೇಮ್ ಒಂದು ಸಲ, ಮುಂದಿನದು ಎರಡು ಸಲ ಕಂಡು ಚಿತ್ರ ಕುಂಟುತ್ತದೆ. ಡೆಕ್ ಎಲ್‌ಸಿಡಿಯನ್ನು 40 ಹರ್ಟ್ಝ್‌ಗೆ ಇಳಿಸಬಹುದು. ಓಎಲ್‌ಇಡಿ 90ರದ್ದು, ಅಲ್ಲಿ 45ಕ್ಕೆ ಲಾಕ್ ಮಾಡಿದರೆ ಪ್ರತಿ ಫ್ರೇಮ್ ಎರಡೆರಡು ಸಲ ಸಮವಾಗಿ ಬರುತ್ತದೆ. 120 ಹರ್ಟ್ಝ್ ಪರದೆಯಲ್ಲಿ 40 ಮೂರು ಸಲ.

ಮೊದಲು ಫ್ರೇಮ್ ಲಾಕ್ ಮಾಡಿ. ಆಮೇಲೆ ಟಿಡಿಪಿಯನ್ನು 15ರಿಂದ ಒಂದೊಂದೇ ವ್ಯಾಟ್ ಇಳಿಸುತ್ತ ಬನ್ನಿ. ಆಟದ ಅತಿ ಭಾರದ ಜಾಗದಲ್ಲಿ ನಿಂತು ಮಾಡಿ, ಮೆನುವಿನಲ್ಲಲ್ಲ. ಫ್ರೇಮ್ ತಪ್ಪಲು ಶುರುವಾದ ಕೂಡಲೇ ಒಂದು ವ್ಯಾಟ್ ಮೇಲೇರಿಸಿ ಬಿಡಿ. ಆಟಕ್ಕೊಂದು ಪ್ರೊಫೈಲ್ ಅಂತ ಉಳಿಸಿಕೊಳ್ಳಬಹುದು.

ತಿರುಪುಳಿ:

ಮೂರನೇ ಪ್ರಶ್ನೆಯನ್ನು ಯಾರೂ ಮುಟ್ಟಲೇ ಇಲ್ಲ. ಮೊದಲು ಕೆಡುವುದು ಸಾಮಾನ್ಯವಾಗಿ ಅನಲಾಗ್ ಸ್ಟಿಕ್. ಹೆಚ್ಚಿನವುಗಳಲ್ಲಿ ಇರುವುದು ಪೊಟೆನ್ಶಿಯೊಮೀಟರ್: ಕಾರ್ಬನ್ ಪಟ್ಟಿಯ ಮೇಲೆ ಲೋಹದ ನಾಲಿಗೆ ಉಜ್ಜುತ್ತಿರುತ್ತದೆ. ಸವೆದಂತೆ ಮಧ್ಯಬಿಂದು ಸರಿಯುತ್ತದೆ, ಕೈ ಬಿಟ್ಟರೂ ಪಾತ್ರ ನಡೆಯುತ್ತದೆ. ಹಾಲ್ ಎಫೆಕ್ಟ್ ಅಥವಾ ಟಿಎಮ್‌ಆರ್ ಸ್ಟಿಕ್‌ನಲ್ಲಿ ಅಯಸ್ಕಾಂತ ಇರುವುದರಿಂದ ಈ ಉಜ್ಜಾಟ ಇಲ್ಲ. ಲೀಜನ್ ಗೋದಲ್ಲಿ ಹಾಲ್ ಇದೆ, ಡೆಕ್‌ನಲ್ಲಿ ಇಲ್ಲ, ಸ್ವಿಚ್ 2ರಲ್ಲೂ ಇಲ್ಲ. ಅದೊಂದು ಯಾಕೆ ಬಿಟ್ಟರೋ! ಹೀಗೆ ಸರಿಯುವುದು (ಡ್ರಿಫ್ಟ್) ಶುರುವಾದರೆ ಮೊದಲು ಕ್ಯಾಲಿಬ್ರೇಟ್ ಮಾಡಿ, ಆಮೇಲೆ ಸ್ಟಿಕ್‌ನ ಸಣ್ಣ ಅಲುಗಾಟವನ್ನು ಲೆಕ್ಕಿಸದ ಡೆಡ್‌ಝೋನ್ ಸ್ವಲ್ಪ ಹಿಗ್ಗಿಸಿ. ಅದರಿಂದಲೂ ಆಗದಿದ್ದರೆ ಸ್ಟಿಕ್ ಮಾಡ್ಯೂಲ್ ಬದಲಿಸಬಹುದು. ಡೆಕ್ ಎಲ್‌ಸಿಡಿಯಲ್ಲಿ ಎರಡು ಬಗೆಯ ಮಾಡ್ಯೂಲ್ ಬಂದಿವೆ, ತರಿಸುವ ಮುಂಚೆ ನಿಮ್ಮದು ಯಾವುದು ಅಂತ ಬಿಚ್ಚಿ ನೋಡಿ.

ಎಸ್‌ಎಸ್‌ಡಿ ಬದಲಿಸುವವರು ಕೇಳಿ. ಡೆಕ್‌ಗೆ 2230 ಅಳತೆಯದ್ದು, ಅಲೈ ಎಕ್ಸ್‌ಗೆ 2280. ಡೆಕ್ ಬಿಚ್ಚುವ ಮುಂಚೆ ಮೈಕ್ರೋಎಸ್‌ಡಿ ಕಾರ್ಡ್ ಹೊರತೆಗೆಯಿರಿ, ಮರೆತರೆ ಹಿಂದಿನ ಕವಚ ಎತ್ತುವಾಗ ಕಾರ್ಡ್ ಎರಡು ತುಂಡು. ಬಯಾಸ್‌ನಲ್ಲಿ ಬ್ಯಾಟರಿ ಸ್ಟೋರೇಜ್ ಮೋಡ್ ಹಾಕಿ. ಹಿಂದೆ ಎಂಟು ಸ್ಕ್ರೂ, ಉದ್ದದಲ್ಲಿ ಎರಡು ಬಗೆ, ತೆಗೆದ ಜಾಗದ ಪ್ರಕಾರವೇ ಜೋಡಿಸಿಡಿ. ಎಲ್‌ಸಿಡಿ ಮಾದರಿಯಲ್ಲಿ ಅವು ನೇರ ಪ್ಲಾಸ್ಟಿಕ್‌ಗೇ ಕಚ್ಚುವಂಥವು. ವಾಪಸ್ ಹಾಕುವಾಗ ಮೊದಲು ಹಿಂದಕ್ಕೆ ತಿರುಗಿಸಿ ಹಳೇ ಥ್ರೆಡ್‌ಗೆ ಕೂತ ಮೇಲೆ ಬಿಗಿ ಮಾಡಿ, ಇಲ್ಲದಿದ್ದರೆ ಎರಡನೇ ಸಲಕ್ಕೆ ಥ್ರೆಡ್ ಕೆಡುತ್ತದೆ. ಓಎಲ್‌ಇಡಿಯಲ್ಲಿ ಟಾರ್ಕ್ಸ್ ಟಿ6, ಅಲ್ಲಿ ಈ ಭಯವಿಲ್ಲ. ಒಳಗೆ ಲೋಹದ ಶೀಲ್ಡ್ ತೆಗೆದ ಕೂಡಲೇ ಬ್ಯಾಟರಿ ಕನೆಕ್ಟರ್ ಬಿಡಿಸಿ, ಆಮೇಲೆ ಮಾತ್ರ ಎಸ್‌ಎಸ್‌ಡಿ ಮುಟ್ಟಿ. ಹಳೆಯದಕ್ಕೆ ಸುತ್ತಿರುವ ಬೆಳ್ಳಿ ಬಣ್ಣದ ಹೊದಿಕೆಯನ್ನು ಹೊಸದಕ್ಕೆ ಹಾಕುವುದನ್ನು ಮರೆಯಬೇಡಿ.

ಬರೀ ಜಾಗ ಸಾಲದು ಅನ್ನುವುದಾದರೆ ಇಷ್ಟೆಲ್ಲ ಬೇಡ, ಮೈಕ್ರೋಎಸ್‌ಡಿ ಸಾಕು. ಡೆಕ್‌ನ ಸ್ಲಾಟ್ ಯುಎಚ್‌ಎಸ್-1, ಸೆಕೆಂಡಿಗೆ 104 ಎಂಬಿ ಅದರ ಮೇಲಿನ ಮಿತಿ, ಅದಕ್ಕಿಂತ ವೇಗದ ಕಾರ್ಡ್‌ಗೆ ದುಡ್ಡು ಸುರಿಯುವುದು ದಂಡ. ಸ್ವಿಚ್ 2 ಇದಕ್ಕೆ ವಿರುದ್ಧ, ಅಲ್ಲಿ ಆಟ ಇಡಲು ಮೈಕ್ರೋಎಸ್‌ಡಿ ಎಕ್ಸ್‌ಪ್ರೆಸ್ಸೇ ಬೇಕು. ಹಳೇ ಸ್ವಿಚ್‌ನ ಕಾರ್ಡ್ ಅದಕ್ಕೆ ಹಾಕಿದರೆ ಚಿತ್ರ, ವಿಡಿಯೊ ಓದಿಕೊಳ್ಳುತ್ತದೆ, ಆಟ ಮಾತ್ರ ನಡೆಸುವುದಿಲ್ಲ.