ತೊಡೆಸಂದಿನ ನೋವು 10 ದಿನ ಆದ್ರೂ ಹೋಗ್ತಿಲ್ಲ, ಇದು ಮಸಲ್ ಪುಲ್ಲಾ ಇಲ್ಲ ಹರ್ನಿಯಾನಾ?

ಎಡಗಾಲಾಟ:
ಎಲ್ರಿಗೂ ನಮಸ್ಕಾರ. ಫುಟ್‌ಬಾಲ್ ಆಡ್ತಾ ದೂರ ಹೋಗ್ತಿದ್ದ ಬಾಲ್ ತಡೆಯೋಣ ಅಂತ ಬಲಗಾಲು ಅಗಲ ಚಾಚ್ದೆ, ತೊಡೆಸಂದಿನ ಒಳಭಾಗದಲ್ಲಿ ಚಟ್ ಅಂದಂಗಾಯ್ತು, ಅಲ್ಲಿಗೇ ಕೂತ್ಬಿಟ್ಟೆ. ಆವತ್ತು ಐಸ್ ಇಟ್ಟೆ. ಮಾರನೇ ದಿನದಿಂದ ಬಿಸಿ ಶಾಖ, ಎಣ್ಣೆ ಹಚ್ಚಿ ಚೆನ್ನಾಗಿ ತಿಕ್ಕೋದು, ಬೆಳಿಗ್ಗೆ ಸಂಜೆ ಕಾಲು ಅಗಲಿಸಿ ಸ್ಟ್ರೆಚ್, ಹಿಡ್ಕೊಂಡಿರೋದು ಬಿಡ್ಲಿ ಅಂತ. ಮೂರನೇ ದಿನ ಒಳತೊಡೆ ನೀಲಿಗಟ್ಟಿ ಆ ಬಣ್ಣ ಹಂಗೇ ಮೊಣಕಾಲ್ ಕಡೆ ಇಳೀತು. ಈಗ ಹತ್ತನೇ ದಿನ, ನೆಟ್ಟಗೆ ನಡೆದ್ರೆ ಪರವಾಗಿಲ್ಲ ಆದ್ರೆ ಕಾರಿಂದ ಒಂದು ಕಾಲು ಹೊರಗಿಟ್ಟು ಇಳಿಯೋವಾಗ, ರಾತ್ರಿ ಮಗ್ಗುಲು ಬದಲಾಯಿಸೋವಾಗ ಛಳಕ್ ಅನ್ನುತ್ತೆ. ಮನೇಲಿ ಹರ್ನಿಯಾ ಇರ್ಬೋದು ಅಂತ ಹೆದರಿಸ್ತಿದಾರೆ. ಯಾವಾಗ ಆಡ್ಬೋದು?

ಹಳೇಗೋಲಿ:
ನಂಗೆ ಎರಡು ಸಲ ಆಗಿದೆ ಇದು, ಅದಕ್ಕೇ ಹೇಳ್ತೀನಿ, ಮೊದ್ಲು ಆ ಸ್ಟ್ರೆಚಿಂಗ್ ನಿಲ್ಸಿ! ನಾನೂ ಹಿಡ್ಕೊಂಡಿದೆ ಅಂದ್ಕೊಂಡೇ ಎಳೆದೆಳೆದು ಮೂರು ವಾರದಲ್ಲಿ ಹೋಗೋ ನೋವನ್ನ ಮೂರು ತಿಂಗಳು ಇಟ್ಕೊಂಡೆ. ಅದು ಹಿಡ್ಕೊಂಡಿರೋದಲ್ಲ, ಹರಿದಿರೋದು. ಹರಿದ ಬಟ್ಟೆಯ ಎರಡು ಅಂಚು ಹಿಡಿದು ದಿನಾ ಎಳೆದ್ರೆ ಹೊಲಿಗೆ ಕೂರುತ್ತಾ?
ಮನೇಲೇ ಒಂದು ಪರೀಕ್ಷೆ ಮಾಡಿ. ಅಂಗಾತ ಮಲಗಿ ಮೊಣಕಾಲು ಮಡಚಿ ಮಧ್ಯೆ ಮುಷ್ಟಿ ಇಟ್ಟು ಎರಡೂ ಮೊಣಕಾಲಿಂದ ಮೆಲ್ಲಗೆ ಅದುಮಿ. ನಿಮ್ಮ ನೋವು ಅದೇ ಜಾಗದಲ್ಲಿ ಬಂತು ಅಂದ್ರೆ ಹೆಚ್ಚುಕಮ್ಮಿ ಒಳತೊಡೆ ಮಸಲ್ಲೇ. ಆಮೇಲೆ ನಿಂತ್ಕೊಂಡು ಜೋರಾಗಿ ಕೆಮ್ಮಿ, ಸಂದಿನ ಮೇಲ್ಗಡೆ ಉಬ್ಬು ಬಂದು ಮಲಗಿದಾಗ ಒಳಗೆ ಹೋಗುತ್ತೆ ಅಂದ್ರೆ ಹರ್ನಿಯಾ ಇರ್ಬೋದು, ಸರ್ಜನ್‌ಗೆ ತೋರಿಸಿ.

ಎಡಗಾಲಾಟ:
ಮಾಡಿದೆ ಸರ್. ಉಬ್ಬು ಏನೂ ಇಲ್ಲ, ಕೆಮ್ಮಿದ್ರೆ ನೋವೂ ಇಲ್ಲ. ಅದುಮಿದ್ರೆ ಮಾತ್ರ ಹತ್ತಕ್ಕೆ ನಾಲ್ಕರಷ್ಟು ನೋವು, ಮೂಳೆ ಹತ್ರ ಒತ್ತಿದ್ರೂ ಅದೇ ಜಾಗ.

ಫಿಸಿಯೋಅಕ್ಕ:
ನಾನು ಫಿಸಿಯೋ, ನೋಡದೆ ಖಚಿತವಾಗಿ ಹೇಳೋಕಾಗಲ್ಲ, ಆದ್ರೂ ನೀವು ಹೇಳಿದ್ದೆಲ್ಲ ಅಡಕ್ಟರ್ ಸ್ಟ್ರೇನ್, ಅಂದ್ರೆ ಒಳತೊಡೆ ಮಸಲ್ ಪೆಟ್ಟಿನ ಕಡೆಗೇ ಬೆರಳು ತೋರಿಸುತ್ತೆ. ಕಾಲನ್ನ ಒಳಗೆ ಎಳೆಯೋ ಮಸಲ್‌ಗಳು ಅವು, ಅದ್ರಲ್ಲಿ ಜಾಸ್ತಿ ಪೆಟ್ಟು ತಿನ್ನೋದು ಅಡಕ್ಟರ್ ಲಾಂಗಸ್. ನೀಲಿ ಬಣ್ಣ ಕೆಳಗಿಳಿದಿದ್ದು ನೋಡಿ ಗಾಬರಿ ಬೇಡ, ಹರಿದ ಜಾಗದ ರಕ್ತ ಕೆಳಗೆ ಜಾರುತ್ತೆ ಅಷ್ಟೇ. ಆದ್ರೆ ನೀಲಿಗಟ್ಟಿದೆ ಅಂದ್ರೆ ಬರೀ ಜಗ್ಗಿರೋದಲ್ಲ, ಸ್ವಲ್ಪ ಎಳೆಗಳು ಹರಿದಿವೆ, ಎರಡನೇ ಗ್ರೇಡ್ ಇರ್ಬೋದು. ಮೊದಲನೇ ಗ್ರೇಡ್ ಒಂದರಿಂದ ಮೂರು ವಾರ, ಎರಡನೇದು ಸಾಮಾನ್ಯವಾಗಿ ನಾಲ್ಕರಿಂದ ಎಂಟು ವಾರ, ಪೂರ್ತಿ ಹರಿದ್ರೆ ಮೂರು ತಿಂಗಳ ಮೇಲೆ.
ಮೊದಲ 2-3 ದಿನ ಶಾಖ, ಮಸಾಜ್ ಮಾಡಬಾರ್ದಿತ್ತು, ರಕ್ತ ಇನ್ನೂ ಸೋರುತ್ತೆ. ಬಟ್ಟೆ ಸುತ್ತಿದ ಐಸ್ 15-20 ನಿಮಿಷ, ಎಲಾಸ್ಟಿಕ್ ಬ್ಯಾಂಡೇಜ್, ನೋವು ಬರದಷ್ಟು ಓಡಾಟ, ಅಷ್ಟೇ ಸಾಕಿತ್ತು. ಹೋಗ್ಲಿ ಬಿಡಿ, ಈಗ ಮುಖ್ಯವಾದ್ದು ಹೇಳ್ತೀನಿ. ಬರೀ ರೆಸ್ಟ್ ಮಾಡಿದ್ರೆ ನೋವು ಹೋಗುತ್ತೆ, ಶಕ್ತಿ ವಾಪಸ್ ಬರಲ್ಲ, ಅದಕ್ಕೇ ಮೈದಾನಕ್ಕೆ ಇಳಿದ ದಿನವೇ ಮತ್ತೆ ಹರಿಯುತ್ತೆ. 1999ರಲ್ಲಿ ಡೆನ್ಮಾರ್ಕ್‌ನಲ್ಲಿ ತಿಂಗಳುಗಟ್ಟಲೆ ಇದೇ ನೋವಿದ್ದ ಆಟಗಾರರನ್ನ ಎರಡು ಗುಂಪು ಮಾಡಿ ನೋಡಿದ್ರು. ಮಸಾಜ್, ಸ್ಟ್ರೆಚಿಂಗ್, ಲೇಸರ್ ತಗೊಂಡವರಲ್ಲಿ 30ಕ್ಕೆ 4 ಜನ ಮಾತ್ರ ನೋವಿಲ್ಲದೆ ಆಟಕ್ಕೆ ಮರಳಿದ್ರು, ಬಲ ಕೊಡೋ ವ್ಯಾಯಾಮ ಮಾಡಿದವರಲ್ಲಿ 29ಕ್ಕೆ 23. ನಿಮ್ಮದು ಹೊಸ ಗಾಯ, ಅವರದು ಹಳೇದು, ಆದ್ರೂ ದಾರಿ ಅದೇ.
ಬಾಲನ್ನ ಮೊಣಕಾಲ್ ಮಧ್ಯೆ ಇಟ್ಟು ಅದುಮಿ ಹಿಡಿಯೋದ್ರಿಂದ ಶುರು ಮಾಡಿ. ಮೊದಲು 10 ಸೆಕೆಂಡ್, ಒಗ್ಗಿದ ಮೇಲೆ 30 ಸೆಕೆಂಡ್, ಹತ್ತು ಸಲ. ನೋವು ಹತ್ತಕ್ಕೆ ಎರಡು ದಾಟಬಾರ್ದು, ಮಾರನೇ ಬೆಳಿಗ್ಗೆ ಜಾಸ್ತಿ ಆಗಿರಬಾರ್ದು. ಅದು ಸಲೀಸಾದ ಮೇಲೆ ಮಗ್ಗುಲು ಮಲಗಿ ಕೆಳಗಿನ ಕಾಲು ಎತ್ತೋದು, ಆಮೇಲೆ ರಬ್ಬರ್ ಬ್ಯಾಂಡ್, ಕೊನೆಗೆ ಕೋಪನ್‌ಹೇಗನ್ ಅಡಕ್ಷನ್ (ಮಗ್ಗುಲಾಗಿ ಮೇಲಿನ ಕಾಲನ್ನ ಜೊತೆಗಾರ ಹಿಡಿದಿರೋವಾಗ ಆ ಕಾಲಿನ ಬಲದಿಂದ ಮೈ ಎತ್ತೋದು). ಇದನ್ನ ತಪ್ಪದೆ ಮಾಡಿಸಿದ ನಾರ್ವೆಯ ಫುಟ್‌ಬಾಲ್ ತಂಡಗಳಲ್ಲಿ ಈ ತೊಂದರೆ 41% ಕಮ್ಮಿ ಕಂಡುಬಂತು, 2019ರ ಅಧ್ಯಯನ.

ದೂರದಓಟ:
ನಡುವೆ ಬಂದೆ, ಆದ್ರೆ ಇದನ್ನ ಓದೋ ಬೇರೆಯವ್ರಿಗೂ ಹೇಳ್ಲೇಬೇಕು, ತೊಡೆಸಂದಿನ ನೋವೆಲ್ಲಾ ಮಸಲ್ ಅಲ್ಲ. ನಂಗೆ ಚಟ್ ಅಂದಿದ್ದೇ ಇಲ್ಲ, ಓಡ್ತಾ ಓಡ್ತಾ ನಿಧಾನವಾಗಿ ಶುರುವಾಗಿ ಆಮೇಲೆ ಕಾಲೂರಿದ್ರೂ ನೋವು, ರಾತ್ರಿನೂ ನೋವು. ಮಸಲ್ ಅಂದ್ಕೊಂಡು ಐದು ವಾರ ಓಡಿದೆ. ಎಕ್ಸ್‌ರೇಲಿ ಏನೂ ಕಾಣ್ಲಿಲ್ಲ, ಎಂಆರ್‌ಐ ಮಾಡಿಸಿದ್ರೆ ತೊಡೆಮೂಳೆಯ ಕತ್ತಿನಲ್ಲಿ ಸ್ಟ್ರೆಸ್ ಫ್ರಾಕ್ಚರ್, ಅಂದ್ರೆ ಪದೇ ಪದೇ ಭಾರ ಬಿದ್ದು ಆದ ಸಣ್ಣ ಬಿರುಕು! ಇನ್ನೊಂದಷ್ಟು ದಿನ ಓಡಿದ್ರೆ ಮೂಳೆ ಪೂರ್ತಿ ಮುರಿದು ಆಪರೇಷನ್ ಆಗ್ತಿತ್ತು ಅಂದ್ರು. ಈ ತರ ಇದ್ರೆ ವ್ಯಾಯಾಮ ಗಿಯಾಮ ಬೇಡ, ಕಾಲಿನ ಮೇಲೆ ಭಾರ ಹಾಕದೆ ಮೊದ್ಲು ಡಾಕ್ಟ್ರು.

ಫಿಸಿಯೋಅಕ್ಕ:
ದೂರದಓಟ ಹೇಳಿದ್ದು ತುಂಬಾ ಮುಖ್ಯ. ಇನ್ನೊಂದು ಸೇರಿಸ್ತೀನಿ, ಗಂಡಸರಿಗೆ, ಅದ್ರಲ್ಲೂ ಹದಿಹರೆಯದ ಹುಡುಗ್ರಿಗೆ ವೃಷಣದಲ್ಲಿ ಒಮ್ಮೆಲೇ ಜೋರು ನೋವು ಬಂದು ವಾಂತಿ ಬರೋ ಹಾಗಾದ್ರೆ ನಾಚ್ಕೊಂಡು ಕೂರಬೇಡಿ, ವೃಷಣ ತಿರುಚಿಕೊಂಡಿರ್ಬೋದು, ಸುಮಾರು ಆರು ಗಂಟೆ ಒಳಗೆ ಸರಿಪಡಿಸಿದ್ರೆ ಮಾತ್ರ ಉಳಿಯೋ ಸಾಧ್ಯತೆ ಚೆನ್ನಾಗಿರುತ್ತೆ. ಹರ್ನಿಯಾದ ಉಬ್ಬು ಗಟ್ಟಿಯಾಗಿ ಒಳಗೆ ಹೋಗದೆ ನೋಯ್ತಿದ್ರೂ ಅಷ್ಟೇ, ತಕ್ಷಣ ಆಸ್ಪತ್ರೆ.
ಎಡಗಾಲಾಟ ಅವ್ರೇ, ಆಡೋದಕ್ಕೆ ತಾರೀಖು ನೋಡ್ಬೇಡಿ. ಜೋರಾಗಿ ಅದುಮಿದ್ರೂ ನೋವು ಸೊನ್ನೆ, ಎರಡೂ ಕಾಲಿನ ಬಲ ಹೆಚ್ಚುಕಮ್ಮಿ ಸಮ, ನೆಟ್ಟಗೆ ಫುಲ್ ಸ್ಪೀಡ್ ಓಟ, ಆಮೇಲೆ ದಿಕ್ಕು ಬದಲಿಸೋದು, ಕೊನೆಗೆ ಜೋರು ಕಿಕ್, ಈ ಕ್ರಮದಲ್ಲಿ ಒಂದೊಂದೇ ದಾಟಿ. ಎರಡು ವಾರದಲ್ಲಿ ಸುಧಾರಣೆ ಕಾಣದಿದ್ರೆ ಹತ್ತಿರದ ಡಾಕ್ಟ್ರಿಗೋ ಫಿಸಿಯೋಗೋ ತೋರಿಸಿ ಸ್ಕ್ಯಾನ್ ಬೇಕಾ ಕೇಳಿ.

ಎಡಗಾಲಾಟ:
ತುಂಬಾ ಥ್ಯಾಂಕ್ಸ್ ಎಲ್ರಿಗೂ, ಮುಂದಿನ ವಾರದ ಮ್ಯಾಚ್‌ಗೆ ಬರಲ್ಲ ಅಂತ ಈಗಷ್ಟೇ ಹುಡುಗ್ರಿಗೆ ಹೇಳಿದೆ. ಬಾಲ್ ಅದುಮಿ ನೋಡಿದೆ, 10 ಸೆಕೆಂಡ್ ಅರ್ಧ ಬಲದಲ್ಲಿ ನೋವು ಎರಡರೊಳಗೇ ಇದೆ, ಎರಡು ವಾರ ಬಿಟ್ಟು ಇಲ್ಲೇ ಬಂದು ಹೇಗಿದೆ ಅಂತ ಬರೀತೀನಿ.