ಬೇಸಿಗೆಯಲ್ಲಿ ಪಗ್ ತುಂಬಾ ತೇಕುತ್ತಿದೆ: ತಣ್ಣೀರು ಹಾಕಬಹುದೇ, ಕೂದಲು ಬೋಳಿಸಬೇಕೇ?

ಗುಂಡನ ಮನೆ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಒಂದು ಪಗ್ ಇದೆ. ಹೆಸರು ಗುಂಡ, ಆರು ವರ್ಷ. ತೂಕ ಸ್ವಲ್ಪ ಜಾಸ್ತಿಯೇ ಇದೆ. ನಾವಿರುವುದು ಮೇಲಿನ ಮಹಡಿಯಲ್ಲಿ. ಮಧ್ಯಾಹ್ನದ ಹೊತ್ತಿಗೆ ತಾರಸಿ ಕಾದು ರೂಮಿನಲ್ಲಿ ಕೂರಲಿಕ್ಕೇ ಆಗುವುದಿಲ್ಲ. ಬಿಸಿಲು ಏರಿದಾಗಿನಿಂದ ಗುಂಡ ಸುಮ್ನೆ ಮಲಗಿದ್ದಾಗಲೂ ಬಾಯಿ ತೆರೆದು ತೇಕುತ್ತಾನೆ. ಫ್ಯಾನ್ ಕೆಳಗೆ ಮಲಗಿಸಿದರೆ ಎದ್ದು ಹೋಗಿ ಬಚ್ಚಲುಮನೆ ನೆಲಕ್ಕೆ ಹೊಟ್ಟೆ ಒತ್ತಿಕೊಂಡು ಮಲಗುತ್ತಾನೆ. ನಾನು ಮತ್ತೆ ಎತ್ತಿಕೊಂಡು ಬಂದರೆ ಮತ್ತೆ ಅಲ್ಲಿಗೇ ಹೋಗುತ್ತಾನೆ.

ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಕೂದಲು ಪೂರ್ತಿ ಬೋಳಿಸಿ ಅಂತಾರೆ. ಐಸ್ ನೀರು ಕುಡಿದರೆ ಹೊಟ್ಟೆ ಉಬ್ಬುತ್ತದೆ ಅಂತಾರೆ. ಮೈಗೆ ತಣ್ಣೀರು ಹಾಕಿದರೆ ಶಾಕ್ ಆಗುತ್ತದೆ, ಒದ್ದೆ ಟವೆಲ್ ಹೊದಿಸಿದರೆ ಸಾಕು ಅಂತಾರೆ. ಯಾವುದನ್ನು ನಂಬಲಿ? ಸಂಜೆ ಐದಕ್ಕೆ ವಾಕಿಂಗ್ ಕರೆದುಕೊಂಡು ಹೋಗುತ್ತೇವೆ, ಅದು ಪರವಾಗಿಲ್ಲವಾ? ಪರಿಸ್ಥಿತಿ ಕೈ ಮೀರುತ್ತಿದೆ ಅಂತ ಗೊತ್ತಾಗುವುದು ಹೇಗೆ? ಮನೆಯಲ್ಲಿ ಒಂದು ಬೆಕ್ಕೂ ಇದೆ. ಅದು ಸದ್ಯಕ್ಕೆ ಆರಾಮಾಗಿದೆ. ದಯವಿಟ್ಟು ತಿಳಿದವರು ಹೇಳಿ.

ಕ್ಲಿನಿಕ್ ಅಕ್ಕ

ಗುಂಡನ ಮನೆಯವರೇ, ನಾನು ಸಾಕುಪ್ರಾಣಿಗಳ ಕ್ಲಿನಿಕ್ಕಿನಲ್ಲಿ ಸಹಾಯಕಿ, ಡಾಕ್ಟರ್ ಅಲ್ಲ. ಆದರೆ ಬೇಸಿಗೆಯಲ್ಲಿ ಬಿಸಿಲು ಬಡಿದ ನಾಯಿ ಬಂತೆಂದರೆ ಹಿಡಿದುಕೊಂಡು ನೀರು ಸುರಿಯುವ ಕೆಲಸ ನನ್ನದೇ. ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ, ಪೂರ್ತಿ ಓದಿ.

ಮೊದಲನೆಯದು, ಅವನನ್ನು ಬಚ್ಚಲುಮನೆಯಿಂದ ಎತ್ತಿಕೊಂಡು ಬರಬೇಡಿ. ಮನೆಯಲ್ಲಿ ತಂಪಾದ ಜಾಗ ಯಾವುದು ಅಂತ ಅವನಿಗೆ ನಮಗಿಂತ ಚೆನ್ನಾಗಿ ಗೊತ್ತು. ಬಾಗಿಲು ತೆರೆದಿಡಿ, ನೀರಿನ ಬಟ್ಟಲನ್ನು ಅವನ ಹತ್ತಿರಕ್ಕೇ ಒಯ್ದು ಇಡಿ. ಫಿನೈಲ್, ಆಸಿಡ್ ಬಾಟಲಿಗಳನ್ನು ಮಾತ್ರ ಅಲ್ಲಿಂದ ತೆಗೆಯಿರಿ.

ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ಅಂಗಾಲಿನಲ್ಲಿ ಒಂಚೂರು ಬೆವರುತ್ತದೆ, ಅಷ್ಟೇ. ಒಳಗಿನ ಕಾವು ಹೊರಗೆ ಹೋಗಬೇಕಾದರೆ ಒದ್ದೆ ನಾಲಿಗೆ, ಮೂಗು, ಗಂಟಲಿನ ಮೇಲೆ ಗಾಳಿ ಜೋರಾಗಿ ಆಡಬೇಕು. ತೇಕುವುದು ಅದಕ್ಕೇ. ಪಗ್, ಬುಲ್‌ಡಾಗ್, ಬಾಕ್ಸರ್‌ನಂಥ ಚಪ್ಪಟೆ ಮೂತಿಯ ನಾಯಿಗಳಿಗೆ ಇಲ್ಲೇ ತೊಂದರೆ. ಮೂಗಿನ ಹೊಳ್ಳೆ ಕಿರಿದು. ಗಂಟಲಿನ ಹಿಂದೆ ಅಂಗುಳ ಉದ್ದವಾಗಿ ಗಾಳಿಯ ದಾರಿಗೆ ಅಡ್ಡ ಬರುತ್ತದೆ. ಉಸಿರು ಎಳೆಯುವ ಶ್ರಮಕ್ಕೇ ಮೈ ಇನ್ನಷ್ಟು ಕಾಯುತ್ತದೆ. ಅದರ ಮೇಲೆ ಕೊಬ್ಬೂ ಸೇರಿದರೆ ಕಾವು ಒಳಗೇ ಉಳಿಯುತ್ತದೆ. ಹಾಗಾಗಿ ಗುಂಡನ ತೂಕ ಇಳಿಸುವುದೂ ಬೇಸಿಗೆಯ ಆರೈಕೆಯೇ.

ಫ್ಯಾನ್ ಕೆಳಗಿಂದ ಎದ್ದು ಹೋಗುತ್ತಾನೆ ಅಂದಿರಲ್ಲ, ಅದಕ್ಕೂ ಇದೇ ಕಾರಣ. ಬೆವರದ ಒಣ ಮೈಗೆ ಫ್ಯಾನ್ ಗಾಳಿಯಿಂದ ಹೆಚ್ಚೇನೂ ಸಿಗುವುದಿಲ್ಲ. ಹೊಟ್ಟೆ, ತೊಡೆಸಂದಿ, ಕಾಲುಗಳನ್ನು ನಲ್ಲಿ ನೀರಿನಿಂದ ಒದ್ದೆ ಮಾಡಿ, ಆಮೇಲೆ ಫ್ಯಾನ್ ಹಾಕಿ. ಆಗ ನೋಡಿ ವ್ಯತ್ಯಾಸ. ನೀರಿನ ಕೂಲರ್ ಇಟ್ಟರೆ ಕಿಟಕಿ ತೆರೆದಿರಲಿ. ಮುಚ್ಚಿದ ರೂಮಿನಲ್ಲಿ ಗಾಳಿ ತೇವವಾಗಿ ಸೆಕೆ ಏರುತ್ತದೆ. ಸೆಕೆಯಲ್ಲಿ ನಾಯಿ ಎಷ್ಟು ತೇಕಿದರೂ ನಾಲಿಗೆಯ ನೀರು ಆರುವುದಿಲ್ಲ.

ವಾಕಿಂಗ್. ಸಂಜೆ ಐದು ಬೇಡವೇ ಬೇಡ. ಗಾಳಿ 25 ಡಿಗ್ರಿ ಇರುವಾಗಲೇ ಬಿಸಿಲಿಗೆ ಕಾದ ಡಾಂಬರು 50 ಡಿಗ್ರಿ ದಾಟಬಹುದು. ಸಂಜೆಯಾದರೂ ಆ ಕಾವು ಬೇಗ ಇಳಿಯುವುದಿಲ್ಲ. ಕೈಯ ಹಿಂಭಾಗವನ್ನು ರಸ್ತೆಗೆ ಒತ್ತಿ ಏಳು ಸೆಕೆಂಡ್ ಇಡಿ. ಇಡಲಾಗದಿದ್ದರೆ ಅಂಗಾಲು ಸುಡುತ್ತದೆ ಅಂತಲೇ ಲೆಕ್ಕ. ಪಗ್‌ನ ಹೊಟ್ಟೆ ನೆಲಕ್ಕೆ ಎಷ್ಟು ಹತ್ತಿರ ಇರುತ್ತದೆ ನೋಡಿ, ಆ ಝಳವೆಲ್ಲ ಅದಕ್ಕೇ. ಬೆಳಗ್ಗೆ ಸೂರ್ಯ ಹುಟ್ಟುವ ಮೊದಲು ಹೋಗಿ ಬನ್ನಿ. ತೀರಾ ಧಗೆ ಇರುವ ದಿನ ಹೋಗದಿದ್ದರೂ ಏನೂ ಆಗುವುದಿಲ್ಲ. ಕುತ್ತಿಗೆ ಬೆಲ್ಟ್ ಬದಲು ಎದೆಗೆ ಹಾಕುವ ಹಾರ್ನೆಸ್ ಬಳಸಿ. ಬಾಯಿ ಬಿಗಿಯುವ ಮುಖಕವಚವನ್ನಂತೂ ಬೇಸಿಗೆಯಲ್ಲಿ ಹಾಕಲೇಬೇಡಿ, ತೇಕಲಾಗದೆ ಒದ್ದಾಡುತ್ತದೆ.

ಬಿಸಿಲಿನ ಹೊಡೆತ ಅಂದರೆ ಎಲ್ಲರಿಗೂ ನೆನಪಾಗುವುದು ಕಾರಿನಲ್ಲಿ ಬಿಟ್ಟ ನಾಯಿ. ಅದು ನಿಜವೇ. ಆದರೆ ಬ್ರಿಟನ್ನಿನ ರಾಯಲ್ ವೆಟರ್ನರಿ ಕಾಲೇಜಿನವರು ಸೇರಿ 9 ಲಕ್ಷಕ್ಕೂ ಹೆಚ್ಚು ನಾಯಿಗಳ ದಾಖಲೆ ತೆಗೆದು ನೋಡಿ, 2020ರಲ್ಲಿ ಪ್ರಕಟಿಸಿದರು. ಅದರಲ್ಲಿ ಸುಮಾರು ನಾಲ್ಕರಲ್ಲಿ ಮೂರು ಪ್ರಕರಣ ಓಟ, ಆಟ, ನಡಿಗೆಯಿಂದ ಆದವು. ಕಾರಿನಿಂದ ಆದವು ಸುಮಾರು 5 ಶೇಕಡ ಅಷ್ಟೇ. ಚೆಂಡು ಎಸೆದರೆ ನಾಯಿ ತರುತ್ತಲೇ ಇರುತ್ತದೆ, ತನಗೆ ಸಾಕಾಯಿತು ಅಂತ ನಿಲ್ಲಿಸುವುದಿಲ್ಲ. ನಿಲ್ಲಿಸಬೇಕಾದವರು ನಾವು.

ಕೂದಲು ಬೋಳಿಸಬೇಡಿ. ಪಗ್‌ಗೆ ಸಾಮಾನ್ಯವಾಗಿ ಎರಡು ಪದರ ಕೂದಲು ಇರುತ್ತದೆ. ಬೋಳಿಸಿದರೆ ಬಿಸಿಲು ನೇರ ಚರ್ಮಕ್ಕೇ ಬೀಳುತ್ತದೆ. ದಿನಾ ಬಾಚಿ ಉದುರುವ ಒಳಗೂದಲು ತೆಗೆದರೆ ಗಾಳಿ ಆಡುತ್ತದೆ. ಬಾಚುವಾಗಲೇ ಕಿವಿಯೊಳಗೆ, ಬೆರಳ ಸಂದಿಯಲ್ಲಿ ಉಣ್ಣಿ ಇದೆಯಾ ನೋಡಿಬಿಡಿ, ಇದು ಅವುಗಳ ಕಾಲ. ಐಸ್ ನೀರಿಗೆ ಹೆದರಬೇಡಿ. ಅದರಿಂದ ಹೊಟ್ಟೆ ಉಬ್ಬುತ್ತದೆ ಅನ್ನುವುದಕ್ಕೆ ಆಧಾರವಿಲ್ಲ. ಬಟ್ಟಲಿಗೆ ಎರಡು ತುಂಡು ಐಸ್ ಹಾಕಿಡಿ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ಒಮ್ಮೆ ಒಂದು ಬಾಕ್ಸರ್ ನಾಯಿಯನ್ನು ಒದ್ದೆ ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ತಂದರು. ಪಾಪ, ತಂಪಾಗಿರಲಿ ಅಂತಲೇ ಸುತ್ತಿದ್ದರು. ಬಟ್ಟೆ ಬಿಡಿಸಿ ಕೈ ಇಟ್ಟೆ. ಒಳಗೆ ಬಟ್ಟೆಯೂ ಬಿಸಿ, ಮೈಯೂ ಬಿಸಿ. ನಾಲಿಗೆಯ ತುದಿ ಅಗಲವಾಗಿ ಮೇಲಕ್ಕೆ ಸುರುಳಿಕೊಂಡಿತ್ತು. ಜೊಲ್ಲು ತೆಳ್ಳಗೆ ಇಳಿಯುತ್ತಿರಲಿಲ್ಲ, ಅಂಟಂಟಾಗಿ ಎಳೆ ಎಳೆಯಾಗಿ ನೇತಾಡುತ್ತಿತ್ತು. ತುಟಿ ಎತ್ತಿ ನೋಡಿದರೆ ವಸಡು ಕಡುಕೆಂಪು. ಥರ್ಮಾಮೀಟರ್ 41 ದಾಟಿತ್ತು. ನಾಯಿಗೆ ಮಾಮೂಲಿ 38ರಿಂದ 39ರ ಆಸುಪಾಸು ಇರಬೇಕು. ಟೇಬಲ್ಲಿಗೂ ಏರಿಸಲಿಲ್ಲ, ನೆಲದ ಮೇಲೆಯೇ ಮಲಗಿಸಿ ಪೈಪ್ ಹಿಡಿದೆವು. ಒಬ್ಬರು ಫ್ಯಾನ್ ತಂದಿಟ್ಟರು, ಡಾಕ್ಟರ್ ಡ್ರಿಪ್ ಹಾಕಿದರು. ಅದು ಬದುಕಿತು.

ಈ ಗುರುತುಗಳು ಕಂಡರೆ, ಅಥವಾ ತೂರಾಡಿದರೆ, ವಾಂತಿ ಮಾಡಿದರೆ, ಕರೆದರೆ ತಿರುಗಿ ನೋಡದಿದ್ದರೆ ಕಾಯಬೇಡಿ. ಮೊದಲು ತಣ್ಣಗೆ ಮಾಡಿ, ಆಮೇಲೆ ಆಸ್ಪತ್ರೆಗೆ ಹೊರಡಿ. ನಲ್ಲಿ ನೀರು ಎಷ್ಟು ತಣ್ಣಗಿದ್ದರೂ ಸರಿ, ಸುರಿಯುತ್ತಲೇ ಇರಿ, ಜೊತೆಗೆ ಗಾಳಿ ಹಾಕಿ. ತಣ್ಣೀರಿನಿಂದ ಶಾಕ್ ಆಗುತ್ತದೆ ಅನ್ನುವುದು ಹಳೇ ನಂಬಿಕೆ, ಈಗಿನ ಪಶುವೈದ್ಯರು ಅದನ್ನು ಬಿಟ್ಟಿದ್ದಾರೆ. ತಡ ಮಾಡುವುದೇ ಅಪಾಯ. ಟವೆಲ್ ಹೊದಿಸಬೇಡಿ, ಕಾವು ಅದರೊಳಗೇ ನಿಲ್ಲುತ್ತದೆ. ಬೇಕಾದರೆ ಒದ್ದೆ ಟವೆಲ್ ಮೇಲೆ ಮಲಗಿಸಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ನೀರು ಹೊಯ್ಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಒಬ್ಬರು ನೀರು ಹಾಕುತ್ತಿರುವಾಗ ಇನ್ನೊಬ್ಬರು ಆಸ್ಪತ್ರೆಗೆ ಫೋನ್ ಮಾಡಲಿ.

ಎದ್ದು ಬಾಲ ಅಲ್ಲಾಡಿಸಿತು ಅಂತ ಮನೆಯಲ್ಲೇ ಉಳಿಯಬೇಡಿ. ಮೂತ್ರಪಿಂಡ, ಲಿವರ್, ರಕ್ತ ಹೆಪ್ಪುಗಟ್ಟುವ ಶಕ್ತಿ ಇವುಗಳ ತೊಂದರೆ ಎರಡು ಮೂರು ದಿನ ಬಿಟ್ಟು ಕಾಣಿಸಬಹುದು.

ಮೀನು ಮೊಲ

ಅಕ್ಕ ನಾಯಿ ವಿಷಯ ಪೂರ್ತಿ ಹೇಳಿದ್ದಾರೆ. ಕಾರಿನ ಬಗ್ಗೆ ಒಂದು ಮಾತು. ಹೊರಗೆ 30 ಡಿಗ್ರಿ ಇದ್ದರೆ ನಿಲ್ಲಿಸಿದ ಕಾರಿನೊಳಗೆ ಹತ್ತು ನಿಮಿಷಕ್ಕೆ ಸುಮಾರು 40, ಅರ್ಧ ಗಂಟೆಗೆ 48ರ ಹತ್ತಿರ. ಗಾಜು ಎರಡು ಬೆರಳು ಇಳಿಸಿದರೂ ಹೆಚ್ಚು ವ್ಯತ್ಯಾಸ ಆಗುವುದಿಲ್ಲ.

ನನ್ನ ಹತ್ತಿರ ಇರುವುದು ಮೊಲ ಮತ್ತು ಮೀನು. ಇವುಗಳ ಬಗ್ಗೆ ಯಾರೂ ಬರೆಯುವುದಿಲ್ಲ, ಅದಕ್ಕೆ ಹೇಳುತ್ತಿದ್ದೇನೆ. ಮೊಲಕ್ಕೆ ಬೆವರೂ ಇಲ್ಲ, ನಾಯಿಯಷ್ಟು ತೇಕಲಿಕ್ಕೂ ಬರುವುದಿಲ್ಲ. ಕಿವಿಯ ರಕ್ತನಾಳಗಳೇ ಅದಕ್ಕೆ ದಾರಿ. 30 ಡಿಗ್ರಿ ಹತ್ತಿರ ಬಂದರೆ ಅದಕ್ಕೆ ಅಪಾಯವೇ. ಬಾಟಲಿಯಲ್ಲಿ ನೀರು ಹೆಪ್ಪುಗಟ್ಟಿಸಿ, ಬಟ್ಟೆ ಸುತ್ತಿ ಗೂಡಿನ ಮೂಲೆಯಲ್ಲಿ ಇಡುತ್ತೇನೆ. ಮೊಲ ಬಂದು ಅದಕ್ಕೆ ಪಕ್ಕೆ ಒತ್ತಿಕೊಂಡು ಮಲಗುತ್ತದೆ. ಕಿವಿಯ ಹೊರಭಾಗವನ್ನು ಒದ್ದೆ ಬೆರಳಿನಿಂದ ಸವರುತ್ತೇನೆ.

ಮೀನಿನ ತೊಟ್ಟಿಯಲ್ಲಿ ಕಷ್ಟ ಬೇರೆ. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕರಗುವುದು ಕಡಿಮೆ. 20 ಡಿಗ್ರಿಯಲ್ಲಿ ಲೀಟರಿಗೆ 9 ಮಿಲಿಗ್ರಾಂ ಇದ್ದದ್ದು 30 ಡಿಗ್ರಿಗೆ ಏಳೂವರೆಗೆ ಇಳಿಯುತ್ತದೆ. ಮೀನು ಮೇಲೆ ಬಂದು ಬಾಯಿ ಬಡಿಯುತ್ತಿದ್ದರೆ ಹಸಿವು ಅಂತ ಕಾಳು ಹಾಕಬೇಡಿ. ಗಾಳಿ ಪಂಪ್ ಜೋರು ಮಾಡಿ, ತೊಟ್ಟಿಯ ದೀಪ ಆರಿಸಿ. ಐಸ್ ತಂದು ಒಮ್ಮೆಲೇ ಸುರಿಯಬೇಡಿ, ಮೀನಿಗೆ ಅಷ್ಟು ಬೇಗ ಹೊಂದಿಕೊಳ್ಳಲಾಗದು.

ಬೆಕ್ಕಿನ ಚಿಕ್ಕಮ್ಮ

ಗುಂಡನ ಮನೆಯವರೇ, ಬೆಕ್ಕು ಆರಾಮಾಗಿದೆ ಅಂದಿದ್ದೀರಿ, ಸಂತೋಷ. ಆದರೆ ಒಂದು ನೆನಪಿಡಿ. ನಾಯಿ ತೇಕುವುದು ಮಾಮೂಲಿ, ಬೆಕ್ಕು ತೇಕುವುದು ಮಾಮೂಲಿಯಲ್ಲ. ಬೆಕ್ಕು ಮೈ ನೆಕ್ಕಿಕೊಂಡು ಎಂಜಲು ಆರುವಾಗ ತಂಪಾಗುತ್ತದೆ. ಅದು ಬಾಯಿ ತೆರೆದು ಉಸಿರಾಡುತ್ತಿದ್ದರೆ ತಂಪು ಜಾಗಕ್ಕೆ ಒಯ್ದು ಡಾಕ್ಟರಿಗೆ ಫೋನ್ ಮಾಡಿ.

ಮೈ ಬಿಸಿ ಇದೆ, ಜ್ವರ ಇರಬೇಕು ಅಂತ ಪ್ಯಾರಾಸಿಟಮಾಲ್ ಮಾತ್ರೆ ಮುರಿದು ಕೊಡುವವರಿದ್ದಾರೆ. ದಯವಿಟ್ಟು ಬೇಡ. ಬೆಕ್ಕಿಗೆ ಅದು ವಿಷ. ಅದರ ಲಿವರಿಗೆ ಆ ಔಷಧ ಕರಗಿಸುವ ಶಕ್ತಿಯಿಲ್ಲ, ಒಂದೇ ಮಾತ್ರೆ ಪ್ರಾಣ ತೆಗೆಯಬಹುದು. ಬಿಸಿಲಿನ ಕಾವು ಜ್ವರವೂ ಅಲ್ಲ, ಮಾತ್ರೆಗೆ ಇಳಿಯುವುದೂ ಇಲ್ಲ.

ನೀವು ಮೇಲಿನ ಮಹಡಿಯಲ್ಲಿದ್ದೀರಿ. ಸೆಕೆಗೆ ಕಿಟಕಿ ತೆರೆದಾಗ ಜಾಲರಿ ಭದ್ರ ಇದೆಯಾ ನೋಡಿಕೊಳ್ಳಿ. ಹಕ್ಕಿ ಕಂಡರೆ ಬೆಕ್ಕು ನೆಗೆದೇ ಬಿಡುತ್ತದೆ. ನೀರನ್ನು ಊಟದ ತಟ್ಟೆಯ ಪಕ್ಕ ಬಿಟ್ಟು ಎರಡು ಮೂರು ಕಡೆ ಅಗಲ ಬಟ್ಟಲಲ್ಲಿ ಇಡಿ, ಜಾಸ್ತಿ ಕುಡಿಯುತ್ತದೆ.

ಗುಂಡನ ಮನೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಕ್ಕ, ನೀವು ಹೇಳಿದ ಹಾಗೆ ಹೊಟ್ಟೆ ಒದ್ದೆ ಮಾಡಿ ಫ್ಯಾನ್ ಹಾಕಿದೆ. ತೇಕುವುದು ನಿಧಾನವಾಗಿ ಕಡಿಮೆಯಾಗಿ ನಿದ್ದೆ ಮಾಡಿದ. ವಸಡು ನೋಡಿದೆ, ಗುಲಾಬಿ ಬಣ್ಣ ಇದೆ. ಇನ್ನೆರಡು ಪ್ರಶ್ನೆ. ನೀರು ಸುರಿಯುವುದನ್ನು ಎಲ್ಲಿಗೆ ನಿಲ್ಲಿಸಬೇಕು? ಮತ್ತೆ ಅವನು ವರ್ಷವಿಡೀ ಜೋರಾಗಿ ಗೊರಕೆ ಹೊಡೆಯುತ್ತಾನೆ, ಪಗ್ ಅಂದಮೇಲೆ ಅದು ಸಹಜ ತಾನೇ?

ಕ್ಲಿನಿಕ್ ಅಕ್ಕ

ಗುಲಾಬಿ ವಸಡು ಒಳ್ಳೆಯದು. ದಿನಾ ಒಮ್ಮೆ ತುಟಿ ಎತ್ತಿ ನೋಡುವ ಅಭ್ಯಾಸ ಮಾಡಿಕೊಳ್ಳಿ. ಮಾಮೂಲಿ ಬಣ್ಣ ಕಣ್ಣಿಗೆ ಕೂತಿದ್ದರೆ ಬದಲಾದಾಗ ತಕ್ಷಣ ಗೊತ್ತಾಗುತ್ತದೆ. ಥರ್ಮಾಮೀಟರ್ ಇದ್ದರೆ ಗುದದಲ್ಲಿ ಇಟ್ಟು ನೋಡಿ, 39.5ಕ್ಕೆ ಇಳಿದಾಗ ನೀರು ನಿಲ್ಲಿಸಿ. ಆಮೇಲೆ ಅದು ತಾನಾಗಿಯೇ ಇನ್ನೂ ಇಳಿಯುತ್ತದೆ. ಥರ್ಮಾಮೀಟರ್ ಇಲ್ಲದಿದ್ದರೆ ಉಸಿರು ಮಾಮೂಲಿಗೆ ಬರುವುದು ಅಥವಾ ನಡುಕ ಶುರುವಾಗುವುದು, ಅಲ್ಲಿಗೆ ಸಾಕು.

ಗೊರಕೆ ಪಗ್‌ಗಳಲ್ಲಿ ಸಾಮಾನ್ಯ, ಆದರೆ ಸಹಜ ಅಂತ ಬಿಡಬೇಡಿ. ಉಸಿರಿನ ದಾರಿ ಕಿರಿದಾಗಿದೆ ಅನ್ನುವುದರ ಸದ್ದು ಅದು. ಡಾಕ್ಟರಿಗೆ ಹೊಳ್ಳೆ, ಅಂಗುಳ ಎರಡನ್ನೂ ತೋರಿಸಿ. ಹೊಳ್ಳೆ ಅಗಲ ಮಾಡುವ, ಉದ್ದದ ಅಂಗುಳ ಕತ್ತರಿಸಿ ಗಿಡ್ಡ ಮಾಡುವ ಆಪರೇಷನ್ ಇದೆ. ಎಲ್ಲ ಪಗ್‌ಗೂ ಬೇಕಿಲ್ಲ, ಬೇಕಾದವಕ್ಕೆ ತುಂಬಾ ಉಪಯೋಗ. ಹೋಗುವಾಗ ಅವನು ಮಲಗಿ ಉಸಿರಾಡುವುದನ್ನು ಫೋನಿನಲ್ಲಿ ಒಂದು ನಿಮಿಷ ವೀಡಿಯೊ ಮಾಡಿಕೊಂಡು ಹೋಗಿ. ಕ್ಲಿನಿಕ್ಕಿಗೆ ಬಂದಾಗ ಹೆದರಿ ಬೇರೆ ಥರ ಉಸಿರಾಡುತ್ತಾನೆ, ಮನೆಯದೇ ಸದ್ದು ಕೇಳಿದರೆ ಡಾಕ್ಟರಿಗೆ ಸರಿಯಾಗಿ ತಿಳಿಯುತ್ತದೆ. ಅಪಾಯಿಂಟ್‌ಮೆಂಟ್ ಬೆಳಗ್ಗೆ ಮೊದಲನೆಯದನ್ನೇ ಕೇಳಿ ತೆಗೆದುಕೊಳ್ಳಿ.